ಬೀಗಣ್ಣನಿಗೆ ಏನೂ ಆಗಿಲ್ಲ

ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಹೊಸ ಸೊಸೆಯ ಟ್ರಂಕು ತೆರೆಯಲಿಲ್ಲ. ಕೀಲಿಕೈ ತವರಿನ ಗೋಡೆಗೂಡಿನಲ್ಲೇ ಉಳಿದುಹೋಗಿತ್ತು. ಉಟ್ಟ ಬಟ್ಟೆಯಲ್ಲೇ ಮಿಕಮಿಕ ನೋಡುತ್ತ ನಿಂತ ಅವಳನ್ನು ಅತ್ತೆ ಗದರಲಿಲ್ಲ. ಕಿಟಕಿಯಾಚೆ ಕೈ ತೋರಿಸಿ, "ಮೂಲೆ ಅಂಗಡೀಲಿ ಒಬ್ಬ ಇದ್ದಾನೆ. ಎಂಥ ಬೀಗ ಆದ್ರೂ ತೆಗೀತಾನೆ. ಅವನ ಬಾಯಿಗೆ ಹಾಕೋ ಬೀಗ ಮಾತ್ರ ಇನ್ನೂ ಯಾರೂ ಮಾಡಿಲ್ಲ," ಎಂದರು.

ಬೀಗಣ್ಣನ ವಿಷಯ ಅವಳ ಕಿವಿಗೆ ಬಿದ್ದದ್ದು ಹಾಗೆ. ಸ್ವಲ್ಪ ಹೊತ್ತಿಗೆ ಆಸಾಮಿಯೇ ಬಂದ. ಕಡ್ಡಿಯಂಥ ದೇಹ, ಜೇಬಿನ ತುಂಬ ತಂತಿ. ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಬೀಗದ ತೂತಿಗೆ ತಂತಿ ಬಿಟ್ಟು, ವೈದ್ಯರು ನಾಡಿ ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದ. ಕೊಟ್ಟ ಚಹಾ ಆರುವ ಮೊದಲೇ ಬೀಗ ಬಾಯಿಬಿಟ್ಟಿತು.

"ಅತ್ತಿಗೆ, ಬೀಗ ಗಟ್ಟಿ ಇದೆ. ನಿಮ್ಮ ಮರೆವು ಅದಕ್ಕಿಂತ ಗಟ್ಟಿ," ಎಂದು ಎದ್ದುಹೋದ.

ಅವಳ ಗಂಡನನ್ನು ಅವನು ಅಣ್ಣ ಎನ್ನುತ್ತಿದ್ದ, ಆದ್ದರಿಂದ ಇವಳು ಅತ್ತಿಗೆ. ಅವನ ಬಾಯಿಂದ ಬಂದದ್ದು ಬೀದಿಯ ಬಾಯಿಗೂ ಬಂತು. ಹಾಲಿನವನಿಂದ ಹಿಡಿದು ಎದುರು ಮನೆಯ ಮುದುಕಿಯವರೆಗೆ ಎಲ್ಲರಿಗೂ ಅವಳು ಅತ್ತಿಗೆಯಾದಳು. ಹೆತ್ತವರು ಇಟ್ಟ ಹೆಸರು ಟ್ರಂಕಿನ ತಳ ಸೇರಿತು.

ಬೀಗಣ್ಣನಿಗೆ ಎರಡು ಹಟ. ಒಂದು, ಯಾವ ಕೆಲಸವನ್ನೂ ಅರ್ಧ ಮಾಡುವವನಲ್ಲ. "ಅರ್ಧ ಹಾಕಿದ ಬೀಗ ಅಂತ ಲೋಕದಲ್ಲಿ ಇಲ್ಲ. ಒಂದೋ ಹಾಕಿದೆ, ಇಲ್ಲ ತೆಗೆದಿದೆ," ಎನ್ನುತ್ತಿದ್ದ. ಇನ್ನೊಂದು, ತನಗೆ ಏನಾದರೂ ಆಗಿದೆ ಎಂದು ಒಪ್ಪುವವನಲ್ಲ. ಒಮ್ಮೆ ಏಣಿಯಿಂದ ಬಿದ್ದು ಕಾಲು ಬೂದುಗುಂಬಳದ ಹಾಗೆ ಊದಿಕೊಂಡಾಗಲೂ, "ಏನೂ ಆಗಿಲ್ಲ, ಚಪ್ಪಲಿ ಚಿಕ್ಕದಾಗಿದೆ," ಎಂದಿದ್ದ. ಹೆಂಡತಿ ತೀರಿಕೊಂಡಾಗಲೂ ಕಣ್ಣಿಗೆ ಕಬ್ಬಿಣದ ಪುಡಿ ಬಿತ್ತು ಎಂದು ಎರಡು ವಾರ ಕಣ್ಣೊರೆಸಿಕೊಂಡವನು.

ವರ್ಷಗಳು ಉರುಳಿ ವಯಸ್ಸಾದ ಮೇಲೆ ಇಂಥವನಿಗೆ ಮಲದಲ್ಲಿ ರಕ್ತ ಬರತೊಡಗಿದರೆ ಏನಾಗಬೇಕೋ ಅದೇ ಆಯಿತು. ಮೂಲವ್ಯಾಧಿ ಎಂದು ತಾನೇ ಡಾಕ್ಟರಾಗಿ ತೀರ್ಮಾನಿಸಿ, ಖಾರ ಬಿಟ್ಟು, ಒಂದು ವರ್ಷ ತಳ್ಳಿದ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಮಗಳು, ಅಪ್ಪನ ಪ್ಯಾಂಟು ಸೊಂಟದಿಂದ ಜಾರುವುದನ್ನು ನೋಡಿ, ರೆಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ದೊಡ್ಡ ಕರುಳಿನ ಕ್ಯಾನ್ಸರ್ ಎಂದರು. ಕೊಯ್ದು ತೆಗೆದರು. ರೋಗ ಹತ್ತಿರದ ದುಗ್ಧಗ್ರಂಥಿಗಳಿಗೂ ತಗುಲಿದೆ, ಆದ್ದರಿಂದ ಕೀಮೋ ಆಗಲೇಬೇಕು, ಎರಡು ವಾರಕ್ಕೊಮ್ಮೆ ಬನ್ನಿ ಎಂದರು.

ಮಗಳಿಗೆ ಪ್ರತಿ ಸಲ ರಜೆ ಎಲ್ಲಿಂದ ಬರಬೇಕು? ಅತ್ತಿಗೆ ಜೊತೆಗೆ ಹೊರಟಳು. ಅವಳ ಗಂಡ ತೀರಿಕೊಂಡ ವರ್ಷ ಇದೇ ಬೀಗಣ್ಣ ದಿನಾ ಸಂಜೆ ಬಾಗಿಲ ಮೆಟ್ಟಿಲ ಮೇಲೆ ಕೂತು, ಅವಳು ಕೇಳಲಿ ಬಿಡಲಿ, ಊರಿನ ಸುದ್ದಿಯನ್ನೆಲ್ಲ ಸುರಿದು ಹೋಗುತ್ತಿದ್ದ. ಮನೆಯೊಳಗಿನ ಮೌನ ಅಷ್ಟಷ್ಟೇ ಕರಗಿದ್ದು ಆ ವಟವಟದಿಂದ. ಅದಕ್ಕೆ ಬದಲು ಎಂದು ಅವಳು ಬಾಯಲ್ಲಿ ಹೇಳಲಿಲ್ಲ. "ಮನೇಲಿ ಕೂತು ಕೂತು ಬೇಜಾರು, ಬಸ್ಸಲ್ಲಿ ಓಡಾಡಿದ ಹಾಗಾಗುತ್ತೆ," ಎಂದಳು.

ಕೀಮೋ ಕೊಡುವ ಕೋಣೆಯಲ್ಲಿ ಸಾಲಾಗಿ ಒರಗು ಕುರ್ಚಿಗಳು. ಪ್ರತಿ ಕುರ್ಚಿಯ ಪಕ್ಕ ಒಂದು ಕಂಬ, ಕಂಬಕ್ಕೆ ತೂಗುವ ಬಾಟಲಿ. ಉಳಿದವರೆಲ್ಲ ಕಣ್ಣು ಮುಚ್ಚಿ ಒರಗಿದ್ದರೆ ಬೀಗಣ್ಣ ಔಷಧಿ ಬೀರುವಿನ ಬೀಗ ನೋಡುತ್ತಿದ್ದ.

"ಸಿಸ್ಟರ್, ಅದು ಹೇರ್‌ಪಿನ್ನಿಗೂ ತೆಗೆಯುತ್ತೆ. ಬದಲಾಯಿಸಿ."

"ನೀವು ಸುಮ್ಮನೆ ಕೈ ಅಲ್ಲಾಡಿಸದೆ ಕೂತರೆ ಯಾರೂ ಕದಿಯಲ್ಲ," ಎಂದಳು ಸಿಸ್ಟರ್.

ಬಾಟಲಿ ಮುಗಿಯುತ್ತ ಬಂದರೆ ಅವನದು ಇನ್ನೊಂದು ರಗಳೆ. ತಳದಲ್ಲಿ ಉಳಿದ ಹನಿ ಹಾಗೇ ಬಿಡುವಂತಿಲ್ಲ, ಬಾಟಲಿ ಓರೆ ಮಾಡಬೇಕು, ನಳಿಗೆ ತಟ್ಟಬೇಕು. ಮಗಳು ಮನೆ ಕಟ್ಟಲೆಂದು ಕೂಡಿಟ್ಟದ್ದು ಆ ಬಾಟಲಿಗಳಲ್ಲಿ ಇಳಿಯುತ್ತಿದೆ ಎಂದು ಅವನಿಗೆ ಗೊತ್ತು. ಡಾಕ್ಟರಮ್ಮ ಕಡಿಮೆ ಬೆಲೆಯ ಕಂಪನಿಯ ಔಷಧಿ ಬರೆದುಕೊಟ್ಟಾಗಲೂ ಮುಖ ಸಿಂಡರಿಸಿದ್ದ.

"ಅಗ್ಗದ ಬೀಗ ಕಳ್ಳನ ನೆಂಟ, ಡಾಕ್ಟರಮ್ಮ."

"ಒಳಗಿರೋ ಔಷಧಿ ಒಂದೇ. ಪೆಟ್ಟಿಗೆ ಮೇಲಿನ ಬಣ್ಣ ಮಾತ್ರ ಬೇರೆ. ಬಣ್ಣಕ್ಕೆ ದುಡ್ಡು ಕೊಡ್ತೀರಾ?"

ಬೀಗಣ್ಣ ಔಷಧಿ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡ. ಅತ್ತಿಗೆ ಬಸ್ಸಿನುದ್ದಕ್ಕೂ ನಗುವನ್ನು ಕೆಮ್ಮಾಗಿಸಿ ತಂದಳು.

ಕೂದಲು ಉದುರಬಹುದು ಎಂದಿದ್ದರು. ಅಷ್ಟಾಗಿ ಉದುರಲಿಲ್ಲ. "ನೋಡಿ ಅತ್ತಿಗೆ, ಒಂದು ಕೂದಲೂ ಕೊಂಕಿಲ್ಲ," ಎಂದು ತಲೆ ಸವರಿಕೊಂಡ.

"ಇದ್ದರೆ ತಾನೆ ಕೊಂಕೋದು," ಎಂದಳು ಅತ್ತಿಗೆ.

ಆದರೆ ಆ ಔಷಧಿ ಹಿಡಿದದ್ದು ಅವನ ಕೈಯನ್ನು. ಕೀಮೋ ಆದ ಮೇಲೆ ನಾಲ್ಕೈದು ದಿನ ತಣ್ಣಗಿನದು ಮುಟ್ಟಬಾರದು. ಮುಟ್ಟಿದರೆ ಕರೆಂಟು ಹೊಡೆದ ಹಾಗೆ. ಬೆಳಗಿನ ತಂಪಿಗೆ ಕಬ್ಬಿಣ, ಹಿತ್ತಾಳೆ ಎಲ್ಲ ಮಂಜುಗಡ್ಡೆಯಂತಿರುವ ಬೀಗದಂಗಡಿಯಲ್ಲಿ ಅವನು ಏನು ಮುಟ್ಟಬೇಕು? ಅತ್ತಿಗೆ ತನ್ನ ಉಣ್ಣೆಯ ಕೈಗವಸು ಕೊಟ್ಟಳು. ನೇರಳೆ ಬಣ್ಣ, ಮೇಲೆ ಬಿಳಿ ಹೂ. ಬೀಗಣ್ಣ ಅದನ್ನೇ ತೊಟ್ಟು ಅಂಗಡಿಯಲ್ಲಿ ಕೂತ. ಬಂದವರು ನಕ್ಕರೆ, "ಹೂ ಇದ್ದರೆ ಬೀಗ ಬೇಗ ಸೋಲುತ್ತೆ," ಎನ್ನುತ್ತಿದ್ದ.

ಮೊದಮೊದಲು ಬೆರಳಿನ ಆ ಜುಮುಜುಮು ಮುಂದಿನ ಕೀಮೋ ಸರದಿಯೊಳಗೆ ಇಳಿಯುತ್ತಿತ್ತು. ಆಮೇಲೆ ಇಳಿಯುವುದನ್ನು ಮರೆಯಿತು. ಅರ ಹಾಕಿ ಉಜ್ಜಿದ ಕೀಲಿಕೈಗಳು ಎರಡೆರಡು ಸಲ ವಾಪಸು ಬರತೊಡಗಿದವು. ಬೀಗದೊಳಗಿನ ಸಣ್ಣ ಪಿನ್ನುಗಳು ಅವನ ಕೈಯಿಂದ ಸಾಸಿವೆಯ ಹಾಗೆ ಚೆಲ್ಲುತ್ತಿದ್ದವು. ಬೀಗಣ್ಣ ಬಲ್ಬನ್ನು ಬೈದ, ಕನ್ನಡಕವನ್ನು ಬೈದ, ಈಗಿನ ಕಾಲದ ಬೀಗ ಮಾಡುವವರ ಏಳು ತಲೆಮಾರನ್ನು ಬೈದ. ತನ್ನ ಬೆರಳನ್ನು ಮಾತ್ರ ಬಿಟ್ಟ.

ಒಂದು ಮಧ್ಯಾಹ್ನ ಅತ್ತಿಗೆ ಅಂಗಡಿಗೆ ಚಹಾ ತಂದಳು. ಒಲೆಯಿಂದ ಇಳಿಸಿದ್ದೇ ಸ್ಟೀಲ್ ಲೋಟಕ್ಕೆ ಸುರಿದಿದ್ದಳು. ತಾನು ಬಟ್ಟೆ ಸುತ್ತಿ ಹಿಡಿದಿದ್ದಳು. ಬೀಗಣ್ಣ ಬರಿಗೈಯಲ್ಲಿ ತೆಗೆದುಕೊಂಡು, ಲೋಟ ಮುಷ್ಟಿಯಲ್ಲೇ ಹಿಡಿದು ಎದುರು ಮನೆಯವರ ಜಗಳದ ಕಥೆ ಶುರುಮಾಡಿದ. ಕಥೆ ಮುಗಿಯುವ ಹೊತ್ತಿಗೆ ಅಂಗೈ ಕೆಂಪಗೆ ಬೊಬ್ಬೆ ಎದ್ದಿತ್ತು. ಅವನಿಗೆ ಅದು ಅವಳ ಮುಖ ನೋಡಿದ ಮೇಲೆ ತಿಳಿಯಿತು.

"ಯಾವಾಗಿಂದ?" ಎಂದಳು ಅತ್ತಿಗೆ.

"ಏನೂ ಆಗಿಲ್ಲ ಅತ್ತಿಗೆ."

"ಪುಣ್ಯಾತ್ಮ, ಕೈ ಸುಟ್ಟರೂ ಗೊತ್ತಾಗಲ್ಲ ಅಂದ್ರೆ ಅದಕ್ಕೆ ಏನು ಅಂತಾರೆ? ಸಿಸ್ಟರ್ ಪ್ರತಿ ಸಲ ಕೇಳ್ತಾಳಲ್ಲ, ಜುಮ್ಮೆನ್ನುತ್ತಾ, ಅಂಗಿ ಗುಂಡಿ ಹಾಕ್ಕೊಳ್ಳೋಕೆ ಆಗುತ್ತಾ ಅಂತ. ನೀನು ಹಾಕಿದ ಗುಂಡಿ ತೋರಿಸ್ತೀಯಲ್ಲ?"

ಬೀಗಣ್ಣ ಬೀದಿಯತ್ತ ನೋಡಿದ. "ಅದು ಮಗಳು ಇಸ್ತ್ರಿ ಮಾಡಿ ಗುಂಡಿ ಹಾಕಿಟ್ಟ ಅಂಗಿ. ನಾನು ತಲೆ ಮೇಲಿಂದ ಬನಿಯನ್ ಥರ ಎಳ್ಕೋತೀನಿ."

ಅತ್ತಿಗೆಗೆ ನಗು ಬಂತು. ಮರುಕ್ಷಣ ಬಟ್ಟೆ ಸುತ್ತಿ ಲೋಟವನ್ನು ಅವನ ಮುಷ್ಟಿಯಿಂದ ಬಿಡಿಸಿ ಕೆಳಗಿಟ್ಟಳು.

"ನಿಜ ಹೇಳಿದರೆ ಔಷಧಿ ಅಳತೆ ಇಳಿಸ್ತಾರಂತೆ. ಪಕ್ಕದ ಕುರ್ಚಿಯವನಿಗೆ ಇಳಿಸಿದ್ದು ನೀವೇ ನೋಡಿದ್ದೀರಿ. ಮಗಳು ಮನೆ ಕನಸನ್ನೇ ಮಾರಿ ತಂದು ಸುರೀತಿದ್ದಾಳೆ. ಅರ್ಧ ಔಷಧಿ ತಗೊಂಡು ನಾನೇನು ಅರ್ಧ ಬದುಕಲಾ? ಬೆರಳು ಹೋದರೆ ಹೋಗಲಿ." ಹಾಗೆಂದವನು ಬೆರಳುಗಳನ್ನು ಮಡಿಲಿಗೆ ಎಳೆದುಕೊಂಡ. "ಡಾಕ್ಟರಮ್ಮನ ಹತ್ರ ಆಗಲಿ, ಮಗಳ ಹತ್ರ ಆಗಲಿ ನೀವು ಒಂದು ಮಾತೂ ಆಡಬಾರದು. ಮಾತು ಕೊಡಿ."

ಹಿಂದುಮುಂದು ನೋಡದೆ ಅತ್ತಿಗೆ ಮಾತು ಕೊಟ್ಟುಬಿಟ್ಟಳು. ಮನೆಗೆ ಬಂದ ಮೇಲೆ ಲೆಕ್ಕ ಹಾಕತೊಡಗಿದಳು. ಹೇಳದಿದ್ದರೆ ಬೆರಳು ಸತ್ತುಹೋಗುತ್ತದೆ. ಬೆರಳಿಲ್ಲದ ಬೀಗಣ್ಣ ಯಾವ ಬೀಗಣ್ಣ? ಹೇಳಿ, ಔಷಧಿ ಇಳಿಸಿ, ರೋಗ ತಿರುಗಿ ಬಂದರೆ ಮಗಳ ಮುಖ ನೋಡುವುದು ಹೇಗೆ? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇದನ್ನೆಲ್ಲ ಯಾವ ತಕ್ಕಡಿಯಲ್ಲಿ ತೂಗಬೇಕು? ಕೊನೆಗೆ ಅವಳಿಗೆ ಹೊಳೆದದ್ದು ಇಷ್ಟೆ: ತೂಗುವವರು ಡಾಕ್ಟರಮ್ಮ, ಆದರೆ ತಕ್ಕಡಿಗೆ ಹಾಕುವ ಕಲ್ಲನ್ನೇ ಈ ಮಹಾರಾಯ ಬಚ್ಚಿಟ್ಟಿದ್ದಾನೆ.

ಮುಂದಿನ ಸರದಿಯ ದಿನ ಡಾಕ್ಟರಮ್ಮ ಎಂದಿನಂತೆ, "ಕೈ ಹೇಗಿದೆ?" ಎಂದರು.

"ಎಲ್ಲಾ ಚೆನ್ನಾಗಿದೆ," ಎಂದ ಬೀಗಣ್ಣ, ಗುಂಡಿ ಹಾಕಿದ ಎದೆ ಉಬ್ಬಿಸಿ.

"ರಕ್ತ ಪರೀಕ್ಷೆ ಚೀಟಿ ಕೊಡಿ."

ಚೀಟಿ ಅತ್ತಿಗೆಯ ಚೀಲದಲ್ಲಿತ್ತು. ಚೀಲದ ಜಿಪ್ಪಿಗೆ ಅವತ್ತು ಹೆಬ್ಬೆರಳ ಉಗುರಿನಷ್ಟು ಚಿಕ್ಕ ಬೀಗ ನೇತಾಡುತ್ತಿತ್ತು. ಅತ್ತಿಗೆ ಚೀಲವನ್ನೂ ಕೀಲಿಯನ್ನೂ ಮೇಜಿನ ಮೇಲೆ ಅವನ ಮುಂದಿಟ್ಟಳು.

"ನನಗೆ ಕಣ್ಣು ಕಾಣಲ್ಲ. ಬೀಗದ ರಾಜ ಪಕ್ಕದಲ್ಲೇ ಇರುವಾಗ ನಾನ್ಯಾಕೆ ಒದ್ದಾಡಲಿ? ನೀನೇ ತೆಗೆದುಕೊಡು."

ಬೀಗಣ್ಣ ಅವಳನ್ನು ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹೊತ್ತಿಕೊಳ್ಳಬೇಕು. ಕೀಲಿ ಎತ್ತಿದ. ಅದು ಜಾರಿತು. ಮತ್ತೆ ಎತ್ತಿದ. ತೂತಿನ ಸುತ್ತ ಕೀಲಿ ದಾರಿ ತಪ್ಪಿದ ಇರುವೆಯ ಹಾಗೆ ಅಲೆಯಿತು. ಆಮೇಲೆ ನೆಲಕ್ಕೆ ಬಿದ್ದು ಮೇಜಿನಡಿ ಸೇರಿತು. ಬಗ್ಗಿ ತಡಕಾಡಿದ ಅವನ ಬೆರಳು ಕೀಲಿಯ ಮೇಲೇ ಹಾದುಹೋಯಿತು; ಹಾದುಹೋದದ್ದು ಅವನಿಗೆ ತಿಳಿಯಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಎಷ್ಟು ದಿನದಿಂದ ಹೀಗಿದೆ?"

ಅತ್ತಿಗೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಳು. ಮಾತು ಕೊಟ್ಟಿದ್ದಳಲ್ಲ.

ಬೀಗಣ್ಣ ಹೇಳಲೇಬೇಕಾಯಿತು. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಕೊಡುವ ಔಷಧಿ ಎರಡು, ಬೆರಳು ಹಿಡಿಯುವುದು ಅದರಲ್ಲಿ ಒಂದು, ಅದರ ಕೆಲಸ ಬಹುಪಾಲು ಆಗಿದೆ, ಇವತ್ತಿನಿಂದ ಅದನ್ನು ನಿಲ್ಲಿಸಿ ಇನ್ನೊಂದನ್ನು ಕೊನೆಯವರೆಗೆ ಕೊಡುತ್ತೇನೆ ಎಂದರು. "ಮುಂದುವರಿಸಿದ್ದರೆ ಸಿಗೋ ಲಾಭ ಚೂರು. ಬೆರಳು ಮಾತ್ರ ಶಾಶ್ವತವಾಗಿ ಹೋಗ್ತಿತ್ತು. ಈಗಲೂ ಪೂರ್ತಿ ವಾಪಸು ಬರುತ್ತೆ ಅಂತ ನಾನು ಹೇಳಲ್ಲ. ರೋಗ ತಿರುಗಿ ಬರಲ್ಲ ಅಂತಲೂ ಹೇಳಲ್ಲ. ಪೂರ್ತಿ ಅಳತೆ ತಗೊಂಡವರಿಗೂ ಆ ಮಾತು ಕೊಡೋಕೆ ನನಗೆ ಆಗಲ್ಲ."

ಬಸ್ಸಿನಲ್ಲಿ ಬೀಗಣ್ಣ ಬೇರೆ ಸೀಟಿನಲ್ಲಿ ಕೂತ. ಆದರೆ ಅವಳ ಟಿಕೆಟ್ಟನ್ನೂ ತಾನೇ ತೆಗೆದ. ಇಳಿದ ಮೇಲೆ ದುರುದುರು ಮುಂದೆ ನಡೆದ. ತಿರುವಿನಲ್ಲಿ ಮಾತ್ರ ಅವಳು ಕಣ್ಣಿಗೆ ಬೀಳುವವರೆಗೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕವನ ಹಾಗೆ ನಿಂತಿದ್ದ. ಹದಿನೈದು ದಿನ ಮಾತಿಲ್ಲ, ಕತೆಯಿಲ್ಲ. ಬೀದಿಗೆ ಬೀದಿಯೇ ಕಿವುಡಾದಂತಿತ್ತು. ಕೊನೆಗೆ ಒಂದು ಸಂಜೆ ಅವಳ ಮೆಟ್ಟಿಲ ಮೇಲೆ ಬಂದು ಕೂತ.

"ಅತ್ತಿಗೆ, ನೀವು ನಮ್ಮ ಕಸುಬಿಗೆ ಬರಬೇಕಿತ್ತು."

"ಯಾಕೆ?"

"ನಾನು ಮಾತು ತಗೊಂಡು ಬೀಗ ಹಾಕಿದೆ. ನೀವು ಕೀಲಿ ಇಲ್ಲದೆ ತೆಗೆದಿರಿ."

ಕೀಮೋ ಮುಗಿಯಿತು. ಕೆಲವು ತಿಂಗಳು ಬೆರಳು ಇನ್ನೂ ಹದಗೆಟ್ಟಿತು. ಡಾಕ್ಟರಮ್ಮ ಮೊದಲೇ ಹೇಳಿದ್ದರಿಂದ ಯಾರೂ ಕಂಗೆಡಲಿಲ್ಲ. ಆಮೇಲೆ ಹೆಬ್ಬೆರಳು, ತೋರುಬೆರಳು ನಿಧಾನಕ್ಕೆ ಎಚ್ಚೆತ್ತವು. ಉಳಿದವು ಪಿಂಚಣಿ ತೆಗೆದುಕೊಂಡು ಕೂತವು. ಕೀಲಿಯ ಅಂಚು ನುಣುಪಾಯಿತೋ ಇಲ್ಲವೋ ನೋಡಲು ಬೀಗಣ್ಣ ಹೊಸ ದಾರಿ ಹುಡುಕಿಕೊಂಡ. ಅರ ಹಾಕಿದ ಕೀಲಿಯನ್ನು ಕೆಳತುಟಿಗೆ ಒತ್ತಿ ಎಳೆಯುತ್ತಿದ್ದ. ತುಟಿಗೆ ಚೂರು ಗೀರು ಸಿಕ್ಕಿದರೆ ಮತ್ತೆ ಅರ.

"ಏನು ಬೀಗಣ್ಣ, ಕೀಲಿಗೆ ಮುತ್ತು ಕೊಡ್ತೀಯ?" ಎಂದು ಜನ ಕೆಣಕುತ್ತಿದ್ದರು.

"ಹೆಂಡತಿ ಇಲ್ಲದವನ ಗತಿ," ಎನ್ನುತ್ತಿದ್ದ. ಮಾಡಿಕೊಟ್ಟ ಕೀಲಿ ಮಾತ್ರ ವಾಪಸು ಬರುತ್ತಿರಲಿಲ್ಲ.

ಹಾಗೆ ನಾಲ್ಕು ವರ್ಷ ನಡೆಯಿತು. ಒಳ್ಳೆಯ ವರ್ಷಗಳು. ಮಗಳು ಮತ್ತೆ ಮನೆಯ ಮಾತೆತ್ತಿದಳು; ಅವನು ಕಟ್ಟದ ಮನೆಯ ಬಾಗಿಲುಗಳಿಗೆಲ್ಲ ಬೀಗ ಆರಿಸಿಟ್ಟ. ಆಮೇಲೆ ಒಂದು ಸ್ಕ್ಯಾನಿನಲ್ಲಿ ಪಿತ್ತಕೋಶದ ಪಕ್ಕ, ಯಕೃತ್ತಿನ ಮೇಲೆ, ಚುಕ್ಕೆಗಳು ಕಂಡವು. ಅವತ್ತು ಔಷಧಿ ನಿಲ್ಲಿಸಿದ್ದಕ್ಕೆ ಹೀಗಾಯಿತೇ ಎಂದು ಅತ್ತಿಗೆ ಡಾಕ್ಟರಮ್ಮನನ್ನು ಒಬ್ಬಳೇ ಕೇಳಿದಳು. ಅಲ್ಲ ಎಂದರು ಅವರು, ಕಣ್ಣಲ್ಲಿ ಕಣ್ಣಿಟ್ಟು. ಬೇರೆ ಔಷಧಿ ಶುರುವಾಯಿತು. ಚುಕ್ಕೆಗಳು ಒಂದಷ್ಟು ದಿನ ಹೆದರಿದವು, ಆಮೇಲೆ ಹೆದರಲಿಲ್ಲ. ಬೀಗಣ್ಣ ಮತ್ತೆ ಕಡ್ಡಿಯಾದ. ಅನ್ನ ಬಿಟ್ಟ, ಗಂಜಿಗೆ ಇಳಿದ, ಗಂಜಿಯನ್ನೂ ಎದುರು ಮನೆಯ ಬೆಕ್ಕಿಗೆ ಹಾಕತೊಡಗಿದ.

ಅವನು ಕೊನೆಯ ಸಲ ಆಸ್ಪತ್ರೆಗೆ ಹೋದ ದಿನ ಮಗಳೂ ರಜೆ ಹಾಕಿ ಬಂದಿದ್ದಳು. ಇನ್ನೊಂದು ಔಷಧಿ ಇದೆ ಎಂದರು ಡಾಕ್ಟರಮ್ಮ. ಎದುರಿಸುವ ಶಕ್ತಿ ಇದ್ದರೆ ಕೊಡಬಹುದು. ಇಲ್ಲದಿದ್ದರೆ ನೋವಿಗೆ ಮಾತ್ರ ಔಷಧಿ ತೆಗೆದುಕೊಂಡು ಮನೆಯಲ್ಲಿ ಆರಾಮಾಗಿ ಇರಬಹುದು. "ನಿಜವಾಗಿ ಹೇಗಿದ್ದೀರಿ, ಹೇಳಿ," ಎಂದು ಕೇಳಿದರು.

ಮಗಳು ಕುರ್ಚಿಯ ತುದಿಗೆ ಬಂದಳು. "ಅಪ್ಪ ಗಟ್ಟಿ ಇದ್ದಾರೆ ಡಾಕ್ಟರ್. ಅಲ್ವಾ ಅಪ್ಪ?"

ಬೀಗಣ್ಣ ಮಗಳನ್ನು ನೋಡಿದ. ಡಾಕ್ಟರಮ್ಮನನ್ನು ನೋಡಿದ. ಆಮೇಲೆ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದವಳತ್ತ ತಿರುಗಿದ.

"ಅತ್ತಿಗೆ, ನೀವು ಹೇಳಿ. ನಾನು ಹೇಳಿದರೆ ಚೆನ್ನಾಗಿದ್ದೀನಿ ಅಂತಲೇ ಹೇಳ್ತೀನಿ. ಇವಳು ನಂಬಿಬಿಡ್ತಾಳೆ."