ತೊಡೆಯ ಮೇಲಿನ ಟ್ಯಾಂಕು

ಹೊಸದಾಗಿ ಯಾರೇ ಸಿಕ್ಕರೂ ರಂಗಪ್ಪ ಹೆಸರಿಗಿಂತ ಮೊದಲು ತೂಕ ಕೇಳುತ್ತಿದ್ದ. ತಂಗಿಯ ಮಗಳನ್ನು ನೋಡಲು ಬಂದ ವರನನ್ನೂ ಬಿಡಲಿಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆಯಿಂದ ನಿವೃತ್ತನಾಗಿ ಕುದೂರಿಗೆ ವಾಪಸಾದವನು ಕುರಿದೊಡ್ಡಿಯಲ್ಲಿ ಒಬ್ಬರೇ ಕೂರುವ ಪುಟ್ಟ ವಿಮಾನ ಕಟ್ಟುತ್ತಿದ್ದ. ಕುರಿಗಳು ಹೊರಗೆ ಮಲಗುತ್ತಿದ್ದವು.

ಪೆಟ್ರೋಲ್ ಟ್ಯಾಂಕನ್ನು ಎಂಜಿನ್ನಿನ ಹಿಂದೆ, ಚಾಲಕನ ತೊಡೆಗಳ ಮೇಲೆಯೇ ಕೂರಿಸಿದ್ದ. ಪಂಪಿನ ಹಂಗಿಲ್ಲದೆ ಪೆಟ್ರೋಲ್ ತಾನಾಗಿ ಇಳಿಯುತ್ತದೆ ಎಂಬುದು ಅವನ ಹೆಮ್ಮೆ. "ಉರಿಯೋ ಒಲೆ ಮಡ್ಲಲ್ಲಿ ಇಕ್ಕಂಡು ಕುಂತಂಗೈತೆ" ಎನ್ನುತ್ತಿದ್ದಳು ಹೆಂಡತಿ ಜಯಮ್ಮ. ಅವಳ ಬಾಯಿ ಮುಚ್ಚಿಸಲೆಂದೇ ಪರೀಕ್ಷೆ ನಡೆಯಿತು.

ಟ್ಯಾಂಕಿಗೆ ಪೆಟ್ರೋಲಿನ ಬದಲು ಕುಂಕುಮದ ನೀರು ತುಂಬಿ, ನೆರೆಮನೆಯವನಾದ ನನ್ನನ್ನು ಸೀಟಿಗೆ ಬಿಗಿದು, "ಮೆತ್ತಗೆ ಎಳೀತೀನಿ ಕಣ್ಲಾ, ಒಸಿ ದೂರ" ಎಂದು ಟ್ರ್ಯಾಕ್ಟರ್ ಏರಿದ. ಕೊಯ್ಲಾದ ರಾಗಿ ಹೊಲ. ಬದು ಅವನಿಗೆ ಕಾಣಲಿಲ್ಲವೋ, ಕಂಡೇ ಎಳೆದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ವಿಮಾನದ ಮೂಗು ಗುದ್ದಿತು, ಟ್ಯಾಂಕು ಬಿರಿಯಿತು.

"ಅಲ್ಲಾಡ್ಬ್ಯಾಡ. ಎಲ್ಲೆಲ್ಲಿ ನೆಂದೈತೆ ನೋಡ್ತೀನಿ" ಎನ್ನುತ್ತಾ ಓಡಿಬಂದ. ಎದೆಯಿಂದ ಮೊಣಕಾಲಿನವರೆಗೆ ನಾನು ಕೆಂಪು. ಅವನ ಮುಖ ಸಣ್ಣದಾಯಿತು. "ಪೆಟ್ರೋಲ್ ಆಗಿದ್ರೆ ನೀನೀಗ ಗೋಡೆ ಮ್ಯಾಲೆ ಫೋಟೊ ಕಣ್ಲಾ" ಎಂದ.

ಹಿಂದೆಯೇ ಬಂದ ಜಯಮ್ಮ ನನ್ನ ಅವತಾರ ನೋಡಿ ಬದುವಿನ ಮೇಲೆ ಕುಸಿದಳು. ರಕ್ತವಲ್ಲ, ಕುಂಕುಮ ಎಂದು ತಿಳಿದ ಮೇಲೆ ಸೆರಗು ಕೊಡವಿಕೊಂಡು ಎದ್ದಳು. "ಅದನ್ನ ಅಲ್ಲಿಂದ ತೆಗ್ದಾಕಿ. ಇಲ್ದಿದ್ರೆ ನಾಳೆಯಿಂದ ಕುರಿ ಒಳಕ್ಕೆ ಬತ್ತವೆ."

ಟ್ಯಾಂಕು ಎರಡಾಗಿ, ತಲೆಯ ಮೇಲಿನ ರೆಕ್ಕೆಗಳೊಳಗೆ ಸೇರಿತು. ಅಲ್ಲಿಂದಲೂ ಪೆಟ್ರೋಲ್ ತಾನಾಗಿಯೇ ಇಳಿಯುತ್ತಿತ್ತು. ಹಾರಲು ಪರವಾನಗಿ ಸಿಕ್ಕಿರಲಿಲ್ಲವಾದ್ದರಿಂದ ರಂಗಪ್ಪ ಹೊಲದಲ್ಲಿ ಬರೀ ಓಡಿಸಿ ನೋಡುತ್ತಿದ್ದ. ಒಂದು ಬೆಳಿಗ್ಗೆ ವಿಮಾನ ಅವನನ್ನು ಕೇಳದೆ ಆಳೆತ್ತರ ಎದ್ದು, ಮುಗ್ಗರಿಸಿ ಬಿತ್ತು. ಮೊದಲು ಟ್ಯಾಂಕಿದ್ದ ಜಾಗ ಅಪ್ಪಚ್ಚಿಯಾಗಿತ್ತು. ನಾನು ಓಡಿಹೋದಾಗ ಅವನು ಕುಂಟುತ್ತಾ ಹೊರಬಂದು ರೆಕ್ಕೆಗಳ ಅಡಿಯನ್ನು ಸವರುತ್ತಿದ್ದ. ಕೈಗೆ ಒಂದು ಹನಿ ಪೆಟ್ರೋಲೂ ತಾಗಿರಲಿಲ್ಲ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಜಯಮ್ಮಂಗೆ ಹೇಳ್ಬ್ಯಾಡ. ಅವ್ಳು ಅಂದಿದ್ದೇ ಸರಿ ಅಂತ ಗೊತ್ತಾದ್ರೆ ನಾ ಬದ್ಕಂಗಿಲ್ಲ" ಎಂದ.

ರಂಗಪ್ಪ ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ, ನಿದ್ದೆಯಲ್ಲೇ. ಅದರ ಹಿಂದಿನ ಭಾನುವಾರ ನಾನು ಹೋದಾಗ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಹೊಸ ವಿಮಾನ ಬರೆಯುತ್ತಿದ್ದ. ಹಿಂದೊಂದು ಮುಂದೊಂದು, ಎರಡು ಸೀಟು.

"ಇನ್ನೊಂದು ಯಾರಿಗೆ?" ಎಂದೆ.

"ನಿಂಗಂತೂ ಅಲ್ಲ" ಎಂದು ಅಡುಗೆಮನೆಯ ಕಡೆ ನೋಡಿದ.

"ಮುಂದಿನ ಸೀಟು ನಂದು" ಎಂದಳು ಜಯಮ್ಮ ಒಳಗಿನಿಂದ.

ರಂಗಪ್ಪ ಬಗ್ಗಿ, ಮುಂದಿನ ಸೀಟನ್ನು ಅಂಗೈಯಲ್ಲಿ ಒರೆಸಿ, ಇನ್ನಷ್ಟು ಅಗಲವಾಗಿ ಬರೆದ.