ಸೀಟಿ ಊದಿದ ಮೇಲೆ

ಚೆಲುವರಾಜು ಎಂಥ ಮನುಷ್ಯ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಹೇಳಿದ ಕೆಲಸ ಬಿಡುವವನಲ್ಲ, ಹೇಳದ ಕೆಲಸ ಮುಟ್ಟುವವನಲ್ಲ. ಅಮೆರಿಕದ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದ. ಡ್ರೈವ್‌ವೇ ಮೇಲಿನ ಹಿಮ ತೆಗೆ ಎಂದರೆ ತೆಗೆಯುತ್ತಿದ್ದ. ಪಕ್ಕದ ಮೆಟ್ಟಿಲ ಹಿಮ ಹಾಗೇ ಇರುತ್ತಿತ್ತು, ಅದನ್ನು ನಾನು ಹೇಳಿರಲಿಲ್ಲವಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ತಲೆ ತಗ್ಗಿಸಿ ‘ಸರಿ ಆಂಟಿ’ ಎನ್ನುವವನ ಮೇಲೆ ಎಷ್ಟು ಹೊತ್ತು ಅಂತ ರೇಗುವುದು.

ಮಂಡ್ಯದಲ್ಲಿದ್ದಾಗ ಅವನದು ಮದುವೆ ವಿಡಿಯೋ ಕೆಲಸ. ಅಕ್ಕ ಸ್ಪಾನ್ಸರ್ ಮಾಡಿ ಇಲ್ಲಿಗೆ ಕರೆಸಿಕೊಂಡ ಮೇಲೆ ಪಕ್ಕದ ಊರು ಕ್ರ್ಯಾನ್‌ಬರಿಯ ಒಂದು ಔಷಧಿ ಕಂಪನಿಯಲ್ಲಿ ಟ್ರೈನಿಂಗ್ ವಿಡಿಯೋ ತೆಗೆಯುತ್ತಿದ್ದ. ೨೦೦೮ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅವನ ಫ್ಲೋರಿನವರನ್ನೆಲ್ಲ ಒಟ್ಟಿಗೆ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಬಿಟ್ಟುಬಂದಿದ್ದ ಟ್ರೈಪಾಡ್ ತರಲು ಮರುವಾರ ಹೋದಾಗ, ಒಂದು ನರಪಿಳ್ಳೆಯೂ ಇಲ್ಲದ ಆ ಹಾಲಿನಲ್ಲಿ ಮೇಜುಗಳ ಮೇಲಿನ ಫೋನುಗಳು ಒಂದಾದ ಮೇಲೊಂದು ಬಡಿದುಕೊಳ್ಳುತ್ತಿದ್ದವಂತೆ. ಎತ್ತಿ ಮಾತಾಡಬಾರದಿತ್ತೇ ಎಂದು ಕೇಳಿದೆ. ಅದು ತನ್ನ ಕೆಲಸವಲ್ಲ ಎಂದ.

ಅವನಿಗೆ ಮುಂದಿನ ಕೆಲಸ ಹುಡುಕಿಕೊಟ್ಟವರು ಮುರುಗೆಪ್ಪ. ಹಾವೇರಿಯ ಕಡೆಯವರು, ನಮ್ಮಿಂದ ಎರಡು ಬೀದಿ ಆಚೆ ಮನೆ. ಅವರ ಒಬ್ಬನೇ ಮಗ ಶಿವ್ ಅರ್ಧ ಗಂಟೆ ದಾರಿಯ ಒಂದು ಸಣ್ಣ ಕಾಲೇಜಿನಲ್ಲಿ ಓದುತ್ತ ಅಲ್ಲಿನ ಟೀಮಿಗೆ ಫುಟ್‌ಬಾಲ್ ಆಡುತ್ತಿದ್ದ. ಅಮೆರಿಕದ ಫುಟ್‌ಬಾಲ್ ಎಂದರೆ ಕಾಲಿಗಿಂತ ಹೆಚ್ಚಾಗಿ ತಲೆಯಲ್ಲೇ ಆಡುವ ತಲೆಕೆಟ್ಟ ಆಟ. ಚೆಂಡು ಹಿಡಿದು ಓಡುವವನಿಗೆ ಡಿಕ್ಕಿ ಹೊಡೆದು ನೆಲಕ್ಕೆ ಕೆಡವಬೇಕು, ಅದಕ್ಕೆ ಟ್ಯಾಕಲ್ ಎನ್ನುತ್ತಾರೆ. ಶಿವ್ ಅದರಲ್ಲಿ ಗಟ್ಟಿಗ. ನಮ್ಮ ಜನರ ಮಕ್ಕಳಲ್ಲಿ ಡಾಕ್ಟರುಗಳಿದ್ದರು, ಸ್ಪೆಲ್ಲಿಂಗ್ ಬೀ ಎನ್ನುವ ಕಾಗುಣಿತದ ಸ್ಪರ್ಧೆ ಗೆದ್ದವರಿದ್ದರು, ಇಂಥವನು ಇವನೊಬ್ಬನೇ. ಆ ವರ್ಷ ಬೀದಿಬೀದಿಯಲ್ಲಿ ‘ಫಾರ್ ಸೇಲ್’ ಬೋರ್ಡು, ಮುರುಗೆಪ್ಪನವರ ಕೆಲಸವೂ ಹೋಗಿತ್ತು. ಶನಿವಾರ ಬಂದರೆ ಸಾಕು, ಇಪ್ಪತ್ತು ಜನ ಪುಳಿಯೋಗರೆ ಡಬ್ಬಿ ಹಿಡಿದು ಮ್ಯಾಚಿಗೆ ಹೋಗಿ ಗಂಟಲು ಹರಿಯುವಂತೆ ಕೂಗುತ್ತಿದ್ದೆವು. ಮೂವತ್ತು ವರ್ಷ ನರ್ಸಾಗಿ ದುಡಿದ ನಾನೂ ಎರಡು ತಲೆ ಢೀ ಎಂದ ಸದ್ದಿಗೆ ಚಪ್ಪಾಳೆ ತಟ್ಟಿದ್ದೇನೆ.

ಚೆಲುವರಾಜುವಿಗೆ ಸಿಕ್ಕ ಕೆಲಸ ಇದ್ದದ್ದು ಅದೇ ಕಾಲೇಜಿನ ಮೈದಾನದ ಅಂಚಿನ ಕಬ್ಬಿಣದ ಟವರಿನ ಮೇಲೆ. ಅಲ್ಲಿಂದ ಪ್ರಾಕ್ಟೀಸಿನ ವಿಡಿಯೋ ತೆಗೆಯಬೇಕು. ಆಗಿನ ಕೋಚ್ ಇಬ್ಬರು ಹುಡುಗರನ್ನು ಹತ್ತು ಗಜ ದೂರ ನಿಲ್ಲಿಸಿ, ಸೀಟಿ ಊದಿ, ಟಗರುಗಳ ಹಾಗೆ ಹಾಯಿಸುತ್ತಿದ್ದ. ಯಾವನು ಬಿದ್ದ, ಯಾವನು ಕೆಡವಿದ ಎಂದು ಕಂಡರೆ ಅವನಿಗೆ ಮುಗಿಯಿತು. ಎರಡನೇ ಸೀಟಿಗೆ ಕ್ಯಾಮೆರಾ ನಿಲ್ಲಿಸು ಎಂದು ಅಪ್ಪಣೆ. ಚೆಲುವರಾಜು ನಿಲ್ಲಿಸುತ್ತಿದ್ದ. ಮೊದಮೊದಲು ಟವರಿನವರೆಗೆ ಕೇಳುತ್ತಿದ್ದ ಆ ಢೀ ಸದ್ದಿಗೆ ಊಟ ಸೇರುತ್ತಿರಲಿಲ್ಲವಂತೆ. ಆಮೇಲೆ ಅಭ್ಯಾಸವಾಯಿತು.

ಆ ಸೀಸನ್ನಿನಲ್ಲಿ ಟೀಮು ಸೋತು ಸುಣ್ಣವಾಗಿ ಕೋಚನ್ನು ತೆಗೆದರು. ಬದಲಿಗೆ ಬಂದವನು ತೆಳ್ಳಗಿನ, ಮೆಲುದನಿಯ ಮನುಷ್ಯ. ಅವನ ಮೊದಲ ನಿಯಮ, ಪ್ರಾಕ್ಟೀಸಿನಲ್ಲಿ ಯಾರೂ ಯಾರನ್ನೂ ನೆಲಕ್ಕೆ ಕೆಡವಕೂಡದು. ತಲೆ ಮುಂದೆ ಒಡ್ಡುವುದು ಬಂದ್. ಎದೆ ಎತ್ತಿ, ಹೆಗಲು ಕೊಟ್ಟು, ತೊಡೆಗಳನ್ನು ಎರಡೂ ತೋಳಲ್ಲಿ ಬಾಚಿ ಹಿಡಿಯಬೇಕು. ಮೊದಲು ನಡೆಯುತ್ತ ಕಲಿಯಬೇಕು, ಹೆಲ್ಮೆಟ್ ತೆಗೆದಿಟ್ಟು. ಹುಡುಗರು ಮುಸಿಮುಸಿ ನಕ್ಕರಂತೆ. ಮುರುಗೆಪ್ಪ ಅಂತೂ ಇದೇನು ಭರತನಾಟ್ಯದ ಕ್ಲಾಸೇ ಎಂದು ನಮ್ಮ ಮನೆಗೇ ಬಂದು ಕೂಗಾಡಿದರು.

೨೦೦೯ರ ಆಗಸ್ಟಿನ ಕೊನೆಗೆ ಹೊಸ ಪ್ರಾಕ್ಟೀಸು ಶುರುವಾದ ಮೊದಲ ಬೆಳಿಗ್ಗೆಯದನ್ನು ಚೆಲುವರಾಜು ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಮೈದಾನದ ತುಂಬ ಮಂಜು. ಕೆಳಗೆ ಅರವತ್ತು ಜನ ದಾಂಡಿಗರು ಜೋಡಿಜೋಡಿಯಾಗಿ ನಿಧಾನಕ್ಕೆ ಎದುರುಬದುರು ನಡೆದು ಬರುತ್ತಾರೆ. ಒಬ್ಬ ಬಗ್ಗುತ್ತಾನೆ, ಇನ್ನೊಬ್ಬನ ತೊಡೆ ತಬ್ಬಿ ಹಾಗೇ ನಿಲ್ಲುತ್ತಾನೆ, ಬಿಡುತ್ತಾನೆ. ಮತ್ತೆ ನಡೆಯುತ್ತಾರೆ. ಸದ್ದು ಅಂದರೆ ಸದ್ದೇ ಇಲ್ಲ. ಸಾವಿನ ಮನೆಯ ಅಂಗಳದಲ್ಲಿ ಜನ ಮಾತಿಲ್ಲದೆ ತಬ್ಬಿಕೊಂಡು ಬಿಡುವುದನ್ನು ನೋಡಿದಂತಾಯಿತಂತೆ. ಹಿಂದಿನ ವರ್ಷದ ಆ ಢೀ ಸದ್ದಾದರೂ ಇರಬಾರದಿತ್ತೇ ಅನ್ನಿಸಿತು ಎಂದ.

ಹೊಸ ಕೋಚ್ ಅವನಿಗೂ ಒಂದು ನಿಯಮ ಮಾಡಿದ. ಸೀಟಿ ಆದ ಮೇಲೂ ಕ್ಯಾಮೆರಾ ನಿಲ್ಲಬಾರದು. ಪ್ರತಿಯೊಬ್ಬ ಹುಡುಗ ತನ್ನ ಸಾಲಿಗೆ ಮರಳುವವರೆಗೆ ಅದು ಓಡುತ್ತಿರಬೇಕು. ಹುಡುಗರು ಹೇಗೆ ಹಿಂತಿರುಗುತ್ತಾರೆ ಎನ್ನುವುದೇ ತನಗೆ ಮುಖ್ಯ ಎಂದನಂತೆ. ಹಾಗಾಗಿ ಚೆಲುವರಾಜು ಅಲ್ಲಿಯವರೆಗೆ ನೋಡದೆ ಇದ್ದುದನ್ನು ನೋಡತೊಡಗಿದ.

ಮೂರನೇ ದಿನ ಶಿವ್ ಕಣ್ಣಿಗೆ ಬಿದ್ದ. ಎದುರಿನವನನ್ನು ಬಿಟ್ಟವನು ತನ್ನ ಸಾಲಿಗೆ ಹೋಗಲಿಲ್ಲ. ಉಲ್ಟಾ ತಿರುಗಿ, ಮೈದಾನದ ಮೂಲೆಯ ಬೇಲಿಯ ಕಡೆ ನಡೆದ. ಅಲ್ಲಿ ಏನೂ ಇಲ್ಲ, ಬರೀ ತಂತಿ ಬೇಲಿ, ಅದರಾಚೆ ಪಾರ್ಕಿಂಗ್ ಲಾಟ್. ಬೇಲಿಗೆ ಎರಡು ಹೆಜ್ಜೆ ಈಚೆ ನಿಂತು, ಬಲಗೈ ಎತ್ತಿ, ಗಾಳಿಯಲ್ಲಿ ಮೆಲ್ಲಗೆ ಬಡಿದ. ಒಂದು, ಎರಡು, ಮೂರು ಸಲ. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಎಚ್ಚರಾದವನ ಹಾಗೆ ತಿರುಗಿ ಓಡಿ ಸಾಲು ಸೇರಿದ. ಮರುದಿನವೂ ಇದೇ. ಸಾಲಿಗೆ ಮರಳುವವರೆಗೆ ತೆಗೆ ಎಂಬ ಅಪ್ಪಣೆ ಇತ್ತಲ್ಲ, ಅದರ ಮರುದಿನ ಚೆಲುವರಾಜು ಟವರಿನದನ್ನು ಓಡಲು ಬಿಟ್ಟು ಇನ್ನೊಂದು ಕ್ಯಾಮೆರಾ ಹಿಡಿದು ಬೇಲಿಯ ಬಳಿಯೇ ಹೋಗಿ ನಿಂತ.

ಆ ಟೇಪನ್ನು ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಗೆ ತಂದ. ‘ಆಂಟಿ, ಒಸಿ ನೋಡಿ. ನಂಗ್ಯಾಕೋ ಸರಿ ಕಾಣ್ತಿಲ್ಲ’ ಎಂದ. ಸಣ್ಣ ಪರದೆಯಲ್ಲಿ ಶಿವ್ ನೇರ ನಮ್ಮತ್ತಲೇ ನಡೆದುಬಂದ. ಕಣ್ಣು ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಕೈ ಎತ್ತಿ ಇಲ್ಲದ ಬಾಗಿಲನ್ನು ಬಡಿದ. ಆರಡಿ ಎತ್ತರದ ಆ ಮೈಯೊಳಗಿಂದ ಮೂರು ವರ್ಷದ ಮಗುವಿನ ದನಿ ಬಂತು.

‘ಅವ್ವಾ, ಬಾಗ್ಲಾ ತಗೀ. ಅವ್ವಾ.’

ಶಿವ್ ಕನ್ನಡ ಆಡಿದ್ದನ್ನು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಕಿಂಡರ್‌ಗಾರ್ಟನ್ ಸೇರಿದ ದಿನದಿಂದ ಅವನದು ಬರೀ ಇಂಗ್ಲಿಷ್. ಅವನ ತಾಯಿ ಶೈಲಮ್ಮ ಕನ್ನಡದಲ್ಲಿ ಕೇಳುವುದು, ಇವನು ತಿಳಿದ ನಾಲ್ಕು ಮಾತು ಹಿಡಿದು ಇಂಗ್ಲಿಷಿನಲ್ಲಿ ಉತ್ತರಿಸುವುದು, ಆಕೆಗೆ ಅದು ಅರ್ಧಂಬರ್ಧ ಅರ್ಥವಾಗುವುದು, ಆ ಮನೆಯ ಮಾತು ನಡೆಯುತ್ತಿದ್ದುದೇ ಹೀಗೆ. ಟೇಪಿನಲ್ಲಿ ಮುಂದಿನ ಕ್ಷಣ ಶಿವ್ ಕಣ್ಣು ಮಿಟುಕಿಸಿ, ಕ್ಯಾಮೆರಾ ಹಿಂದಿದ್ದವನನ್ನು ಕಂಡು ನಕ್ಕು, ‘ಹೇ ಅಂಕಲ್, ವಾಟ್ಸ್ ಅಪ್’ ಎಂದ.

ತಲೆಗೆ ಮೇಲಿಂದ ಮೇಲೆ ಪೆಟ್ಟು ಬಿದ್ದವರನ್ನು ವಾರ್ಡಿನಲ್ಲಿ ನೋಡಿದವಳು ನಾನು. ಈಗ ಯಾರೂ ಡಿಕ್ಕಿ ಹೊಡೆಯುತ್ತಿಲ್ಲ, ಬರೀ ನಡೆದು ಬಂದು ತಬ್ಬಿದರೂ ಹೀಗಾಗುತ್ತಿದೆ ಎಂದರೆ ಪೆಟ್ಟು ಹಳೆಯದು. ಇನ್ನೊಂದು ದೊಡ್ಡ ಪೆಟ್ಟು ಬಿದ್ದರೆ ಹುಡುಗ ಏಳಲಿಕ್ಕಿಲ್ಲ ಎಂದೆ. ಮೊದಲ ಮ್ಯಾಚು ಸೆಪ್ಟೆಂಬರಿನ ಮೊದಲ ಶನಿವಾರ ಇತ್ತು. ಪ್ರಾಕ್ಟೀಸಿನ ನಿಯಮ ಮ್ಯಾಚಿಗಿಲ್ಲ. ಎದುರು ಪಾರ್ಟಿಯವರು ಬಂದು ಮೆಲ್ಲಗೆ ತಬ್ಬಿಕೊಳ್ಳುವುದಿಲ್ಲ.

ಯಾವಾಗಿನಿಂದ ಹೀಗೆ ಎಂದು ಕೇಳಿದ್ದಕ್ಕೆ ಚೆಲುವರಾಜು ಮುಖ ಕೆಳಗೆ ಹಾಕಿದ. ಹಿಂದಿನ ವರ್ಷವೂ ಎಷ್ಟೋ ಸಲ ಸೀಟಿಗೆ ಕ್ಯಾಮೆರಾ ನಿಲ್ಲಿಸುವುದು ಎರಡು ಸೆಕೆಂಡು ತಡವಾಗಿ, ಹುಡುಗರು ತೂರಾಡುವುದು, ದಿಕ್ಕು ತಪ್ಪಿ ನಡೆಯುವುದು ಟೇಪಿನಲ್ಲಿ ಬಂದಿತ್ತಂತೆ. ಅದನ್ನೆಲ್ಲ ಕತ್ತರಿಸಿ ಹಾಕಿದ್ದನಂತೆ.

‘ಮದ್ವೆ ಕ್ಯಾಸೆಟ್ನಲ್ಲಿ ಅಳೋರ್ನ, ಮುನಿಸ್ಕೊಂಡೋರ್ನ ಇಟ್ರೆ ಮನೆಯೋರು ಒಪ್ತಾರಾ ಆಂಟಿ? ಅವಲಕ್ಷಣ ತೆಗ್ದು ಕೊಡೋದೇ ಅಭ್ಯಾಸ ನಂಗೆ’ ಎಂದ.

ಬಾಯಿಗೆ ಬಂದಂತೆ ಬೈದೆ. ಬೈಯುವಾಗಲೇ ನನ್ನ ಚಪ್ಪಾಳೆಯೂ ನೆನಪಾಯಿತು. ಆದರೂ ಅವತ್ತು ನಾವಿಬ್ಬರೂ ಮಾಡಿದ್ದು ಶುದ್ಧ ಪೆದ್ದುತನ. ಟೇಪನ್ನು ನೇರ ಕೋಚಿಗೆ ಕೊಡುವ ಬದಲು, ಮನೆ ಮಗನ ಮಾತು ಮೊದಲು ಮನೆಯ ಹಿರಿಯರಿಗೆ ತಿಳಿಯಲಿ, ಹೊರಗಿನವರ ಮುಂದೆ ಆಡಿಕೊಂಡಂತಾಗಬಾರದು ಎಂದು ಭಾನುವಾರದ ತನಕ ಕಾದು, ಮುರುಗೆಪ್ಪನವರ ಮನೆಗೆ ಹೋದೆವು. ಶಿವ್ ಹೊರಗೆ ಹೋಗಿದ್ದ, ಶೈಲಮ್ಮ ರೊಟ್ಟಿ ಬಡಿಸಿದರು. ಟೇಪು ನೋಡುವಾಗ ಆಕೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಮಗನ ದನಿ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡರು. ಮುರುಗೆಪ್ಪ ಎದ್ದು ಕ್ಯಾಮೆರಾದಿಂದ ಟೇಪು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ಹುಡುಗ ತಮಾಷೆ ಮಾಡ್ಯಾನ, ಮ್ಯಾಚು ಮುಗಿಯಲಿ, ಆಮೇಲೆ ಡಾಕ್ಟರಿಗೆ ತೋರಿಸೋಣ ಎಂದರು. ಹಿರಿಯರು, ಅನ್ನದ ದಾರಿ ತೋರಿಸಿದವರು. ಚೆಲುವರಾಜು ಟೇಪು ಬಿಟ್ಟುಬಂದ.

ಆ ವಾರ ಅವನು ಊಟ ಮಾಡಿದ್ದು ನಾನು ಕಾಣೆ. ದಿನಾ ಟವರು ಹತ್ತಿದ, ದಿನಾ ಶಿವ್ ಬೇಲಿಯ ಹತ್ತಿರ ಹೋಗಿ ನಿಂತ. ಈಗ ಎರಡೆರಡು ನಿಮಿಷ. ಉಳಿದ ಹುಡುಗರು ಅವನೇನೋ ದೇವರ ಪ್ರಾರ್ಥನೆ ಮಾಡುತ್ತಾನೆ ಎಂದುಕೊಂಡು ದೂರವೇ ಉಳಿದಿದ್ದರು. ಟವರಿನ ಟೇಪಿನಲ್ಲಿ ದನಿ ಇರಲಿಲ್ಲ, ನೋಡಿದ ಕೋಚೂ ಹಾಗೇ ಅಂದುಕೊಂಡಿದ್ದ.

ಶುಕ್ರವಾರ, ಮ್ಯಾಚಿನ ಹಿಂದಿನ ದಿನ, ಪ್ರಾಕ್ಟೀಸ್ ನಡೆಯುತ್ತಿರುವಾಗಲೇ ಚೆಲುವರಾಜು ಕ್ಯಾಮೆರಾ ನಿಲ್ಲಿಸಿದ. ಟವರಿನಿಂದಿಳಿದು, ಯಾರೂ ಕಾಲಿಡಬಾರದ ಮೈದಾನದ ನಡುವಿನಿಂದ ನಡೆದ. ಅರವತ್ತೂ ಜನ ನಿಂತು ನೋಡಿದರಂತೆ. ಕೋಚಿನ ಮುಂದೆ ನಿಂತಾಗ ನಾಲಿಗೆಯಲ್ಲಿ ಇಂಗ್ಲಿಷೇ ಹೊರಳಲಿಲ್ಲ. ಬಲಗೈ ಎತ್ತಿ ಗಾಳಿಯಲ್ಲಿ ಮೂರು ಸಲ ಬಡಿದು, ಶಿವ್ ಕಡೆ ಬೆರಳು ತೋರಿಸಿದ. ತನ್ನ ಬದುಕಿನಲ್ಲಿ ಯಾರೂ ಹೇಳದೆ ಅವನು ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಮಧ್ಯಾಹ್ನ ಕೋಚಿನ ಆಫೀಸಿನಲ್ಲಿ ಎಲ್ಲರೂ ಸೇರಿದೆವು. ಶಿವ್ ತಂದೆತಾಯಿಯನ್ನು ಕೋಚ್ ಕರೆಸಿದ್ದ, ನನ್ನನ್ನು ಚೆಲುವರಾಜು ಕರೆಸಿಕೊಂಡಿದ್ದ. ಶಿವ್ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುದಿಯುತ್ತಿದ್ದ. ತಾನು ಆರೋಗ್ಯವಾಗಿದ್ದೇನೆ, ಬೇಲಿ ಗೀಲಿ ಏನೂ ಗೊತ್ತಿಲ್ಲ ಎಂದ. ಮುರುಗೆಪ್ಪ ಅದಕ್ಕೇ ದನಿಗೂಡಿಸಿದರು. ಟೇಪು ಎಲ್ಲಿ ಎಂದು ಕೋಚ್ ಕೇಳಿದಾಗ ಯಾವ ಟೇಪು ಎಂದರು. ಚೆಲುವರಾಜುವಿನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಆಗ ಶೈಲಮ್ಮ, ಯಾರ ಮುಖವನ್ನೂ ನೋಡದೆ, ಮಾತಾಡಿದರು.

‘ಯುಗಾದಿ ಆದಾಗಿಂದ ಹಿಂಗ ಅದಾನ್ರಿ. ಮನಿ ಬಾಗ್ಲಾ ತಗದಿರತೈತಿ, ಆದ್ರೂ ಹೊರಗ ನಿಂತು ಬಡೀತಾನ. ಅವ್ವಾ ಅಂತಾನ. ಹದಿನೈದು ವರ್ಷ ಆಗಿತ್ರಿ ಇವನ ಬಾಯಾಗ ಅವ್ವಾ ಅನ್ನೂದು ಕೇಳಿ. ಬ್ಯಾನಿ ಅಂತ ನನಗ ಹೊಳೀಲಿಲ್ಲ, ದೇವ್ರು ಕಣ್ಣು ತಗದ ಅಂದ್ಕೊಂಡೆ. ಯಾರಿಗಾರ ಹೇಳಿದ್ರ ನಿಂತುಬಿಡತೈತಿ ಅಂತ ಅಂಜಿದೆ. ಅವ ಬರೂ ಹೊತ್ತಿಗೆ ತಗದ ಬಾಗ್ಲಾ ನಾನ ಮುಚ್ಚಿ, ಹಿಂದ ನಿಂತಿರತಿದ್ದೆ. ಕರೀಲಿ ಅಂತ.’

ಅಮ್ಮ ಏನು ಹೇಳಿದಳು ಎಂದು ಶಿವ್ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ. ಅಷ್ಟನ್ನೂ ಒಂದೊಂದೇ ಮಾತಾಗಿ ಅವನಿಗೆ ಇಂಗ್ಲಿಷಿನಲ್ಲಿ ಹೇಳಬೇಕಾದ ಕರ್ಮ ನನ್ನದಾಯಿತು. ಮುಚ್ಚಿದ ಬಾಗಿಲಿನ ಮಾತನ್ನೂ ಬಿಡದೆ ಹೇಳಿದೆ. ಶಿವ್ ತಾಯಿಯ ಕಡೆ ತಿರುಗಿದ. ತನಗೆ ಅದೊಂದೂ ನೆನಪಿಲ್ಲ ಎಂದ. ಆಮೇಲೆ ಹೆಲ್ಮೆಟ್ಟನ್ನು ಕೋಚಿನ ಮೇಜಿನ ಮೇಲಿಟ್ಟ.

ಅವನು ಮತ್ತೆ ಆಡಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದರು, ಪೆಟ್ಟು ತಿಂದ ಮಿದುಳಿಗೆ ಬೆಳಕು ಬೇಡವೆಂದು ತಿಂಗಳುಗಟ್ಟಲೆ ಪರದೆ ಎಳೆದ ಕೋಣೆಯಲ್ಲಿ ಇಟ್ಟರು. ಮುರುಗೆಪ್ಪ ಇವತ್ತಿಗೂ ಚೆಲುವರಾಜುವಿನ ಜೊತೆ ಮಾತಾಡುವುದಿಲ್ಲ. ನಮ್ಮ ಜನ ಶನಿವಾರಗಳಂದು ಮ್ಯಾಚಿಗೆ ಹೋಗುವುದನ್ನು ಬಿಟ್ಟರು. ಚೆಲುವರಾಜು ಮಾತ್ರ ಬಿಡಲಿಲ್ಲ. ಆ ಸದ್ದಿಲ್ಲದ ಮೈದಾನದ ಟವರಿನ ಮೇಲೆ ಒಬ್ಬನೇ ಕೂತು, ಒಬ್ಬೊಬ್ಬ ಹುಡುಗನೂ ಸರಿಯಾದ ದಿಕ್ಕಿಗೆ ತಿರುಗುವವರೆಗೆ ಉಸಿರು ಬಿಗಿ ಹಿಡಿದು ನೋಡುತ್ತಾನೆ.

ಮುಂದಿನ ವರ್ಷದ ಯುಗಾದಿಗೆ ಶೈಲಮ್ಮ ಹೋಳಿಗೆ ಹಿಡಿದು ನಮ್ಮ ಮನೆಗೆ ಬಂದರು. ಚೆಲುವರಾಜುವೂ ಮೇಲೆ ಬಂದು ಕೂತಿದ್ದ. ಮಗ ಹೇಗಿದ್ದಾನೆ ಎಂದು ಕೇಳಿದೆ.

‘ಆರಾಮಾಗ್ಯಾನ್ರಿ ಅಕ್ಕಾರ’ ಎಂದರು. ಡಾಕ್ಟರಿಗೆ ಬಹಳ ಖುಷಿಯಂತೆ. ಎರಡು ತಿಂಗಳಿಂದ ಒಂದು ಸಲವೂ ದಿಕ್ಕು ತಪ್ಪಿಲ್ಲವಂತೆ. ಬರುತ್ತಾನೆ, ‘ಹಾಯ್ ಮಾಮ್’ ಎನ್ನುತ್ತಾನೆ, ತನ್ನ ರೂಮಿಗೆ ಹೋಗುತ್ತಾನೆ. ನಾನು ದೇವರು ದೊಡ್ಡವನು ಎಂದೆ. ಆಕೆ ತಲೆಯಾಡಿಸಿದರು. ಬೆರಳು ತಟ್ಟೆಯ ಅಂಚನ್ನೇ ಸವರುತ್ತಿತ್ತು.

‘ಹ್ವಾದ ವಾರ ಒಂದಿನ ಬಾಗ್ಲಾ ಹಾಕಿ ಹಿಂದ ನಿಂತಿದ್ದೆರಿ’ ಎಂದರು, ನನಗೆ ಹೇಳಿದ್ದೋ ಚೆಲುವರಾಜುವಿಗೋ ತಿಳಿಯಲಿಲ್ಲ. ‘ತನ್ನ ಕೀಲಿಕೈಲೆ ತಾನ ತಗದು ಒಳಗ ಬಂದ.’