ಆರನೆಯ ಚೌಕದ ಹಾರ್ಮೋನಿಯಂ ಮೇಷ್ಟ್ರು

ಕಳೆದ ಶನಿವಾರ ಚಳಿಗಾಲದ ಶಾಲುಗಳನ್ನು ಒಳಗಿಡಲೆಂದು ಕಬ್ಬಿಣದ ಟ್ರಂಕ್ ತೆಗೆದೆ. ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಬೇರೆಯವರಿಗೆ ಅದು ಹಳೆಯ ಬಟ್ಟೆಯ ವಾಸನೆ. ನನಗೆ ಸಂಗೀತದ್ದು. ನಮ್ಮೂರ ಹಾರ್ಮೋನಿಯಂ ಮೇಷ್ಟ್ರು ಜಿರಳೆ ಸೇರದಿರಲೆಂದು ತಮ್ಮ ಪೆಟ್ಟಿಗೆಯೊಳಗೆ ನಾಲ್ಕು ಗುಳಿಗೆ ಹಾಕಿಡುತ್ತಿದ್ದರು. ತಿದಿ ಒತ್ತಿದಾಗಲೆಲ್ಲ ಸ್ವರದ ಜೊತೆಗೆ ಆ ವಾಸನೆಯೂ ಹೊರಗೆ ಬರುತ್ತಿತ್ತು.

ಶಾಲುಗಳನ್ನು ಮಡಿಸಿ ಮುಗಿಸಿಯೇ ಕೂತೆ. ಕೆಲಸ ಅರ್ಧಕ್ಕೆ ಬಿಟ್ಟು ನೆನಪಿಗೆ ಕೂರುವುದು ನನ್ನ ಅಭ್ಯಾಸವಲ್ಲ.

ತ್ಯಾಮಗೊಂಡ್ಲಿನ ಹತ್ತಿರದ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿಯಾಗಿದ್ದೆ. ಬೆಳಗಿನ ಪ್ರಾರ್ಥನೆ, ಡ್ರಿಲ್‌ಗೆ ಬಾರಿಸುವ ಡ್ರಮ್ಮು, ಇವಿಷ್ಟೇ ಸಂಗೀತಕ್ಕೂ ನನಗೂ ಇದ್ದ ಸಂಬಂಧ. ಆದರೂ ನನ್ನ ನಿವೃತ್ತಿಗೆ ಎರಡು ವರ್ಷ ಇರುವಾಗ, ಒಂಬತ್ತನೇ ತರಗತಿಯ ಮಕ್ಕಳು ಸುತ್ತಲಿನ ಹಳ್ಳಿಗಳ ಸಂಗೀತಗಾರರ ಬಗ್ಗೆ ಒಂದು ಪತ್ರಿಕೆ ಮಾಡಲು ಹೊರಟರು. ಹೆಡ್‌ಮಾಸ್ಟರು ಅದರ ಉಸ್ತುವಾರಿಯನ್ನು ನನಗೇ ಒಪ್ಪಿಸಿದರು.

"ಸಂಗೀತದವ್ರಿಗೆ ಹಾಡು ಗೊತ್ತು, ಟೈಮು ಗೊತ್ತಿಲ್ಲ. ನಿಮ್ಗೆ ಟೈಮು ಗೊತ್ತಲ್ಲ ಮೇಡಂ" ಅಂದರು. ಹೊಗಳಿಕೆಯೋ ಕುಟುಕೋ, ನಾನು ಕೇಳಲು ಹೋಗಲಿಲ್ಲ.

ನಾನು ಮೊದಲು ಮಾಡಿದ ಕೆಲಸವೆಂದರೆ ಗ್ರಾಫ್ ಹಾಳೆ ತರಿಸಿದ್ದು. ಪತ್ರಿಕೆಗೆ ಹದಿನಾರು ಪುಟ, ಹನ್ನೆರಡು ಫೋಟೋ. ಹಾಳೆಯ ಮೇಲೆ ಹನ್ನೆರಡು ಚೌಕ ಹಾಕಿಸಿ, ಪ್ರತಿ ಚೌಕದಲ್ಲೂ ಯಾರು, ಎಲ್ಲಿ, ಎಷ್ಟು ಗಂಟೆಗೆ, ಕ್ಯಾಮೆರಾ ಯಾವ ಕಡೆ ಎಂದು ಪೆನ್ಸಿಲ್ಲಿನಲ್ಲಿ ಬರೆಸಿದೆ. ಫೋಟೋ ತೆಗೆಯುವವಳು ಚಂದನಾ. ಅಣ್ಣನ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಬರುತ್ತಿದ್ದಳು. ತಮಟೆಯವರು, ಭಜನೆ ಮಂಡಳಿಯವರು, ವಾಲಗದವರು, ಎಲ್ಲರೂ ಹೇಳಿದ ಹೊತ್ತಿಗೆ ಹೇಳಿದ ಕಡೆ ನಿಂತರು. ಎರಡು ವಾರದಲ್ಲಿ ಐದು ಚೌಕ ತುಂಬಿತು.

ಆರನೆಯದು ಹಾರ್ಮೋನಿಯಂ ಮೇಷ್ಟ್ರದು.

ನಮ್ಮ ಕಡೆ ಪೌರಾಣಿಕ ನಾಟಕ ಆಡುವವರು ಹೊಲ, ಡೇರಿ, ಕಾರ್ಖಾನೆಯ ಕೆಲಸ ಮುಗಿಸಿ ತಾಲೀಮಿಗೆ ಬರುವವರು. ಅವರಿಗೆ ಪದ, ಅಂದರೆ ನಾಟಕದ ಹಾಡು, ಕಲಿಸಿ, ರಾಗ ಕೂರಿಸಿ, ನಾಟಕದ ದಿನ ಕೊನೆಯವರೆಗೆ ನಡೆಸಿಕೊಡುವವರು ಹಾರ್ಮೋನಿಯಂ ಮೇಷ್ಟ್ರು. ಅವರು ಕೂರುವುದು ರಂಗದ ಮೇಲಲ್ಲ, ರಂಗದ ಮುಂದೆ, ಕೆಳಗೆ. ಮುಖ ಪಾತ್ರಧಾರಿಗಳ ಕಡೆಗೆ, ಬೆನ್ನು ಜನರ ಕಡೆಗೆ. ಎಷ್ಟೋ ವರ್ಷ ಮುಂದಿನ ಸಾಲಿನಲ್ಲಿ ಕೂತು ನಾಟಕ ನೋಡಿದ್ದ ನನಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಚಂದನಾಳನ್ನು ಕರೆದುಕೊಂಡು ಅವರ ಮನೆಗೆ ಹೋದ ದಿನ ಅವರು ಬಟ್ಟೆಯ ಚೀಲದಿಂದ ಒಂದು ಕಟ್ಟು ಫೋಟೋ ತೆಗೆದು ಚಾಪೆಯ ಮೇಲೆ ಹರಡಿದರು. ನಲವತ್ತು ವರ್ಷದ ನಾಟಕಗಳು. ಕಿರೀಟ, ಗದೆ, ಜರಿಯ ಪಂಚೆ... ಪ್ರತಿಯೊಂದರ ಕೆಳಗಿನ ಅಂಚಿನಲ್ಲೂ ಒಂದು ತಲೆಯ ಹಿಂಭಾಗ, ಒಂದು ಜೊತೆ ಭುಜ.

"ಇದು ನಾನು. ಇದೂ ನಾನೇ. ಇದ್ರಲ್ಲಿ ಕೂದ್ಲು ಕಪ್ಪಗೈತೆ ನೋಡಿ, ಆಗಿನ್ನೂ ಮದುವೆ ಆಗಿರ್ಲಿಲ್ಲ."

ಅವರ ಹೆಂಡತಿ ಕಾಫಿ ಲೋಟ ಇಡುತ್ತಾ, "ನಮ್ಮೆಜಮಾನ್ರು ಮೂವತ್ತೂರಲ್ಲಿ ಹೆಸರುವಾಸಿ ಕಣಮ್ಮ. ಎದುರಿಗ್ ಬಂದ್ರೆ ಮಾತ್ರ ಯಾರಿಗೂ ಗುರ್ತು ಸಿಗಾಕಿಲ್ಲ" ಅಂದರು.

ಮೇಷ್ಟ್ರು ನಕ್ಕರು. ಆಮೇಲೆ ಫೋಟೋಗಳನ್ನು ಜೋಡಿಸುತ್ತಾ ತಲೆ ಎತ್ತದೆಯೇ ಕೇಳಿದರು. "ಭುಜದ ನೋವು ಜಾಸ್ತಿ ಆಗೈತೆ ಮೇಡಂ. ಈ ವರ್ಷದ್ದೇ ಕಡೇ ನಾಟಕ. ನುಡಿಸ್ತಾ ಇರೋವಾಗ, ಮುಖ ಕಾಣೋ ಹಂಗೆ ಒಂದು... ಒಂದೇ ಒಂದು ತೆಗೀತೀರಾ?"

"ಅದಕ್ಕೇ ಬಂದಿರೋದು ಮೇಷ್ಟ್ರೇ" ಎಂದೆ. ಅಲ್ಲೇ ಗ್ರಾಫ್ ಹಾಳೆ ಬಿಚ್ಚಿ, ಆರನೆಯ ಚೌಕದಲ್ಲಿ 'ಎದುರಿನಿಂದ' ಎಂದು ಬರೆದೆ.

ಪರೀಕ್ಷೆ ಹತ್ತಿರವಿದ್ದುದರಿಂದ ಆ ವರ್ಷ ಮೈಕಿಗೆ ರಾತ್ರಿ ಅನುಮತಿ ಸಿಗದೆ, ನಾಟಕವನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಶಾಲೆಯ ವೇದಿಕೆಯ ಮೇಲೆ ಇಟ್ಟುಕೊಂಡರು. ಮೇಷ್ಟ್ರನ್ನು ವಿಚಾರಿಸಿ ಲೆಕ್ಕ ಹಾಕಿದೆ. ಹತ್ತೂ ನಲವತ್ತಕ್ಕೆ ರಾಜನ ಮೊದಲ ಪದ ಅರ್ಧ ಆಗಿರುತ್ತದೆ, ಮೇಷ್ಟ್ರ ಕೈ ಪೆಟ್ಟಿಗೆಯ ಮೇಲೆ ಓಡುತ್ತಿರುತ್ತದೆ, ಆಗ ಚಂದನಾ ಪಕ್ಕದ ಪರದೆಯಿಂದ ಬಂದು ಫೋಟೋ ತೆಗೆದು ಹೋಗಬೇಕು. ವೇದಿಕೆಯ ಅಂಚಿನಲ್ಲಿ, ಮೇಷ್ಟ್ರ ಎದುರಿಗೆ ಅವಳು ನಿಲ್ಲುವ ಜಾಗಕ್ಕೆ ಮೈದಾನದ ಗೆರೆ ಹಾಕುವ ಸುಣ್ಣದ ಪುಡಿಯಿಂದ ನಾನೇ ಒಂದು ಗುರುತು ಹಾಕಿದೆ.

ರಾಜನ ಪಾತ್ರ ಹಾಲಿನ ಡೇರಿಯ ಕಾರ್ಯದರ್ಶಿಯದು. ಮೊದಲ ಸಲ ಬಣ್ಣ ಹಚ್ಚಿದವರು. ಮೇಷ್ಟ್ರು ಅಂದು ಹೊಸ ಬಿಳಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಂದಿದ್ದರು.

ನಾಟಕ ಕಾಲು ಗಂಟೆ ತಡವಾಗಿ ಶುರುವಾಯಿತು. ಅದು ನನಗೆ ಗೊತ್ತಿತ್ತು. ಆದರೆ ಪಕ್ಕದ ಪರದೆಯ ಬಳಿ ನಿಂತಿದ್ದ ನನ್ನ ಕಣ್ಣು ಹಾಳೆಯ ಮೇಲೆ ಮತ್ತು ಕೈಗಡಿಯಾರದ ಮೇಲೆ ಇತ್ತು. ಹತ್ತೂ ನಲವತ್ತಕ್ಕೆ ಸರಿಯಾಗಿ, ಓಟದ ಪಂದ್ಯದಲ್ಲಿ ಇಳಿಸುವ ಹಾಗೆ ಕೈ ಇಳಿಸಿದೆ. ಚಂದನಾ ಗುರುತಿನ ಮೇಲೆ ಹೋಗಿ ನಿಂತು ಕ್ಯಾಮೆರಾ ಎತ್ತಿದಳು.

ರಾಜ ಆಗಷ್ಟೇ ಪ್ರವೇಶ ಮಾಡಿದ್ದ. ಪದ ಇನ್ನೂ ಶುರುವೇ ಆಗಿರಲಿಲ್ಲ.

ನನಗೆ ಆಮೇಲೆ ತಿಳಿದದ್ದು ಇದು. ಮೇಷ್ಟ್ರು ಪಾತ್ರಧಾರಿಗಳನ್ನು ನಡೆಸುತ್ತಿದ್ದದ್ದು ಸ್ವರದಿಂದ ಮಾತ್ರವಲ್ಲ, ಮುಖದಿಂದ. ಗದ್ದ ಎತ್ತಿದರೆ ಪದ ಎತ್ತಬೇಕು. ಹುಬ್ಬೇರಿಸಿದರೆ ಸ್ವರ ಏರಬೇಕು. ಕಣ್ಣು ಮುಚ್ಚಿದರೆ ನಿಲ್ಲಿಸಬೇಕು. ಬೆನ್ನ ಹಿಂದೆ ಕೂತ ಊರಿಗೆ ಇದು ಗೊತ್ತೇ ಇರಲಿಲ್ಲ.

ಕ್ಯಾಮೆರಾ ಕಂಡದ್ದೇ ಮೇಷ್ಟ್ರು ನೆಟ್ಟಗೆ ಕೂತು, ಮದುವೆ ಫೋಟೋಗೆ ಕೂತವರ ಹಾಗೆ ಮುಖ ಬಿಗಿದುಕೊಂಡರಂತೆ. ತಿದಿ ನಿಂತಿತು. ಗದ್ದ ಮೇಲೆ ಬರಲಿಲ್ಲ. ಕಾರ್ಯದರ್ಶಿ ಬಾಯಿ ತೆರೆದುಕೊಂಡು ನಿಂತೇ ಇದ್ದರು. ಜನ ಒಂದು ಗಳಿಗೆ ಕಾದು ಶಿಳ್ಳೆ ಹಾಕಿದರು. "ಲೇ ಸಾಹುಕಾರ, ಡೇರಿಯಲ್ಲಿ ಹಾಲಿಗೆ ನೀರು ಹಾಕ್ದಂಗಲ್ಲ ಕಣೋ, ಹಾಡೋ!" ಎಂದು ಯಾರೋ ಕೂಗಿದರು. ನಗೆ ಎದ್ದಿತು.

ಶಿಳ್ಳೆ ಕೇಳಿ ನಾನು ಗಡಿಯಾರದಿಂದ ತಲೆ ಎತ್ತುವ ಹೊತ್ತಿಗೆ ಮೇಷ್ಟ್ರು ಒಂದು ಕೈಯನ್ನು ಮುಖದ ಮುಂದೆ ಬೀಸಿ ಚಂದನಾಳನ್ನು ಪಕ್ಕಕ್ಕೆ ಸರಿಯಲು ಹೇಳುತ್ತಿದ್ದರು. ಅವಳು ಗಾಬರಿಯಲ್ಲಿ ಗುಂಡಿ ಒತ್ತಿ ಒಳಗೆ ಓಡಿ ಬಂದಳು. ಮರುಕ್ಷಣ ಪೆಟ್ಟಿಗೆ ನುಡಿಯಿತು, ಕಾರ್ಯದರ್ಶಿ ಪದ ಎತ್ತಿದರು. ನಾನು ಒಳಗೆ ಅಳುತ್ತಿದ್ದ ಚಂದನಾಳ ಹತ್ತಿರ ಹೋದೆ. ಉಳಿದ ನಾಟಕವನ್ನು ಎಂದಿನಂತೆ ಮುಂದಿನ ಸಾಲಿನಲ್ಲಿ, ಅವರ ಬೆನ್ನ ಹಿಂದೆ ಕೂತು ನೋಡಿದೆ. ಪದಕ್ಕೊಂದು ಸಲ ನುಸಿಗುಳಿಗೆಯ ವಾಸನೆ ಬರುತ್ತಿತ್ತು...

ಫೋಟೋದಲ್ಲಿ ಸಿಕ್ಕಿದ್ದು ಒಂದು ಅಂಗೈ, ಅದರ ಹಿಂದೆ ಬಿಳಿ ಅಂಗಿ.

ನಾಟಕ ಮುಗಿದ ಮೇಲೆ ಇನ್ನೊಮ್ಮೆ ಕೂರಿ ಎಂದು ಕೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ.

"ಸುಮ್ನೆ ಕೂತಿರೋ ಮುಖ ಆಧಾರ್ ಕಾರ್ಡಲ್ಲೇ ಐತಲ್ಲ ಮೇಡಂ" ಎಂದು ಪೆಟ್ಟಿಗೆಗೆ ಬಟ್ಟೆ ಸುತ್ತಿದರು. "ತಪ್ಪು ನಿಮ್ದಲ್ಲ. ಕಡೇ ನಾಟಕದಾಗೆ ನನ್ ಮುಖದ್ ಆಸೆಗೆ ಅವನ್ ಪದ ಬಿಟ್ಬಿಟ್ಟೆ." ಬಟ್ಟೆಯ ಗಂಟು ಬಿಗಿದು, "ಮನೇಗೆ ಬನ್ನಿ ಒಂದಿನ. ಯಾರನ್ನೂ ಹಾಡ್ಸೋದಿಲ್ದೆ, ನನ್ ಪಾಡಿಗ್ ನಾನು ನುಡಿಸ್ತೀನಿ. ಆಗ ತೆಗೀರಿ" ಅಂದರು.

"ನಾಳೇನೇ ಹೋಗೋಣ ಮಿಸ್" ಎಂದಳು ಚಂದನಾ. ವಾರ್ಷಿಕ ಪರೀಕ್ಷೆಗೆ ಹದಿನೆಂಟು ದಿನ ಇತ್ತು. ಪರೀಕ್ಷೆ ಮುಗಿದ ಮಾರನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ ಎಂದು ಡೈರಿಯಲ್ಲಿ ಬರೆದುಕೊಂಡೆ. ಪತ್ರಿಕೆಯ ಅಚ್ಚಿಗೂ ಅಲ್ಲಿಯವರೆಗೆ ಸಮಯವಿತ್ತು. ಯಾವ ಕಡೆಯಿಂದ ನೋಡಿದರೂ ಅದು ಸರಿಯಾದ ಏರ್ಪಾಡಾಗಿತ್ತು.

ಆ ದಿನ ಒಂಬತ್ತಕ್ಕೆ ಐದು ನಿಮಿಷ ಮುಂಚೆಯೇ ಹೋದೆವು. ಮೇಷ್ಟ್ರು ಹಾಸಿಗೆಯ ಮೇಲಿದ್ದರು. ವಾರದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದಿತ್ತು. ಬಾಯಿಯೂ ಒಂದು ಕಡೆಗೆ ಎಳೆದಿತ್ತು. ಚಂದನಾಳ ಕೊರಳಲ್ಲಿದ್ದ ಕ್ಯಾಮೆರಾ ಕಂಡು ಅವರು ಎಡಗೈಯಿಂದ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡರು. ಚಂದನಾ ಕ್ಯಾಮೆರಾ ತೆಗೆದು ಹೊರಗಿನ ಜಗುಲಿಯ ಮೇಲೆ ಇಟ್ಟು ಬಂದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆರನೆಯ ಚೌಕಕ್ಕೆ ಕೊನೆಗೆ ಹಳೆಯ ಕಟ್ಟಿನಿಂದ ಒಂದು ಬೆನ್ನಿನ ಫೋಟೋವನ್ನೇ ಹಾಕಿದೆವು. ಪತ್ರಿಕೆ ಕೈಗೆ ಬರುವ ಹೊತ್ತಿಗೆ ಅವರು ಇರಲಿಲ್ಲ.

ನಿನ್ನೆ ದಾಬಸ್‌ಪೇಟೆಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಡೇರಿಯ ಕಾರ್ಯದರ್ಶಿ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಈಗ ಪಾತ್ರ ಮಾಡುವುದಿಲ್ಲವಂತೆ. "ಈಗಿನ ಕೀಬೋರ್ಡ್‌ನೋರು ತಲೇನೇ ಎತ್ತಲ್ಲ ಮೇಡಂ. ಯಾವ್ ಧೈರ್ಯದ ಮೇಲೆ ಹಾಡಾದು?" ಎಂದರು.

ಎಷ್ಟೋ ನಾಟಕಕ್ಕೆ ಮುಂದಿನ ಸಾಲಿನಲ್ಲಿ ಕೂತಿದ್ದ ನಾನು, ನುಡಿಸುವಾಗಿನ ಆ ಮುಖವನ್ನು ಒಂದು ಸಲವೂ ನೋಡಿಲ್ಲ. ನೋಡಬಹುದಾಗಿದ್ದ ಒಂದೇ ದಿನ ಗಡಿಯಾರ ನೋಡುತ್ತಿದ್ದೆ. ಅದನ್ನು ಅವರಿಗೆ ಹೇಳಿ, "ಪದ ಎತ್ತೋಕ್ ಮುಂಚೆ ಮೇಷ್ಟ್ರ ಮುಖ ಹೆಂಗಿರ್ತಿತ್ತು?" ಎಂದು ಕೇಳಿದೆ.

ಅವರು ಕೈಯಲ್ಲಿದ್ದ ಚೀಲ ಕೆಳಗಿಟ್ಟರು. "ಬಾಯಲ್ಲಿ ಹೇಳಾಕ್ ಬರಲ್ಲ ಮೇಡಂ... ಹಿಂಗೆ" ಎಂದು ನನ್ನ ಕಡೆ ತಿರುಗಿದರು. ಕಣ್ಣು ನನ್ನ ಮೇಲೆ ನಿಂತಿತು. ಹುಬ್ಬು ಸ್ವಲ್ಪವೇ ಸಡಿಲವಾಯಿತು. ಗದ್ದ ನಿಧಾನವಾಗಿ ಮೇಲಕ್ಕೆ ಬಂತು. ನಿನ್ನಿಂದ ಆಗುತ್ತದೆ, ಎತ್ತು ಎಂದು ಹೇಳುವ ಮುಖ ಅದು.

ಹಾಡು ಬಾರದ ನಾನೂ ನನಗೇ ಗೊತ್ತಿಲ್ಲದಂತೆ ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಚೀಲ ಎತ್ತಿಕೊಂಡು ಹತ್ತಿ ಹೋದರು. ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟೆ.